ಕಡಲ ತೀರದ ಮನೆಗೆ ವಯಸ್ಸಾಗುವ ಬಗೆ

ಬಯಲುಸೀಮೆಯವರಾದ ನಮಗೆ ಕಡಲೆಂಬುದು ಹತ್ತು ವರ್ಷಕ್ಕೊಮ್ಮೆ ಹೋಗಿ ನೋಡಿಬರುವ ವಸ್ತು. ಶಿಡ್ಲಘಟ್ಟವು ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಹೆಚ್ಚಿನ ಎತ್ತರದಲ್ಲಿ, ಒಣಹವೆಯ ನಡುವೆ ಇದೆ. ಇಲ್ಲಿ ಬಣ್ಣ ಕಾಣದ ಕಿಟಕಿಯ ಸರಳೂ ವರ್ಷಗಟ್ಟಲೆ ಹಾಗೆಯೇ ನಿಂತಿರುತ್ತದೆ. ಆದುದರಿಂದ ಕಬ್ಬಿಣವು ಎಷ್ಟು ಬೇಗ ಮಣ್ಣಾಗಬಲ್ಲುದೆಂಬುದು ನಮ್ಮ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅದನ್ನು ನಾನು ಕಂಡದ್ದು ರಾಮೇಶ್ವರದಲ್ಲಿ.

‘ಕಾಶಿ ದೂರವಾಯಿತು, ರಾಮೇಶ್ವರವನ್ನಾದರೂ ತೋರಿಸು’ ಎಂದು ನಮ್ಮ ತಾಯಿಯವರು ಬಹಳ ದಿನದಿಂದ ಹೇಳುತ್ತಿದ್ದರು. ರಜೆ ಬಂದಾಗ ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದು ಮಧುರೆಗೂ, ಅಲ್ಲಿಂದ ಬಸ್ಸಿನಲ್ಲಿ ಪಾಂಬನ್ ದ್ವೀಪಕ್ಕೂ ಹೋದೆವು. ಕಡಲಿಗೆ ಮುಖಮಾಡಿದ ಮೂರು ಅಂತಸ್ತಿನ ಹಳೆಯ ವಸತಿಗೃಹವೊಂದರಲ್ಲಿ ಎರಡು ದಿನಕ್ಕೆ ಕೋಣೆ ಸಿಕ್ಕಿತು. ಹೊರಗೋಡೆಗೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಅಗ್ನಿತೀರ್ಥದ ಕಡಲು. ಅಮ್ಮನಿಗೆ ಸಂತೋಷವೋ ಸಂತೋಷ. ಒದ್ದೆ ಸೀರೆಯನ್ನು ಬಾಲ್ಕನಿಯ ಸರಳಿಗೆ ಹರಡಲು ಹೊರಟರು. ಆಗ ಸಹಜವಾಗಿ ತಲೆಯೆತ್ತಿ ಮೇಲಿನ ಬಾಲ್ಕನಿಯ ತಳಭಾಗವನ್ನು ನೋಡಿದೆ. ನೀಲಿ ಬಣ್ಣದ ಮೇಲೆ ಒಂದೇ ನೇರದಲ್ಲಿ ಉದ್ದಕ್ಕೆ ಹರಿದ ಕಂದು ಕಲೆ. ಕಲೆಯ ನಡುವೆ ಸೀಳು. ಒಂದು ಕಡೆ ಅಂಗೈಯಗಲ ಕಾಂಕ್ರೀಟು ಕಳಚಿಬಿದ್ದು, ಅಪ್ಪಳದಂತೆ ಪದರಪದರವಾಗಿ ಎದ್ದ ಕಂಬಿ ಹೊರಗೆ ಕಾಣುತ್ತಿತ್ತು.

ಕೋಣೆಯ ಹುಡುಗನಿಗೆ ತಕ್ಕಮಟ್ಟಿಗೆ ಕನ್ನಡ ಬರುತ್ತಿತ್ತು. ಅವನನ್ನು ಕೇಳಿದರೆ, ‘ಭಯ ಇಲ್ಲ ಸಾರ್, ಪ್ರತಿ ವರ್ಷ ಪೇಂಟ್ ಮಾಡ್ತೀವಿ’ ಎಂದ. ನಾನು ಅಮ್ಮನನ್ನು ಒಳಕ್ಕೆ ಕರೆದು ಬಾಗಿಲಿಗೆ ಅಗಣಿ ಹಾಕಿದೆ. ಸಂಜೆಯೊಳಗೆ ರಸ್ತೆಯ ಕಡೆಗಿದ್ದ ಬೇರೆ ಕೋಣೆಗೆ ಹೋದೆವು. ಅವರಿಗೆ ಕಾರಣವನ್ನು ಹೇಳಿ ಮುಗಿಸುವುದರಲ್ಲಿ ರಾತ್ರಿಯಾಯಿತು. ಅಂದು ಅವರಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು, ಉಪ್ಪು ಗೋಡೆಯವರೆಗೆ ಬರುವುದು ಹೇಗೆ? ಕಡಲ ನೀರನ್ನು ಬಿಸಿಲು ಆವಿಮಾಡಿದಾಗ ಉಪ್ಪು ಕಡಲಿನಲ್ಲಿಯೇ ಉಳಿಯುತ್ತದೆ, ಆವಿಯೊಡನೆ ಮೇಲೇರುವುದಿಲ್ಲ. ಆದರೆ ಅಲೆ ಒಡೆದಾಗ ನೀರಿನೊಳಗೆ ಅಸಂಖ್ಯ ಗಾಳಿಗುಳ್ಳೆಗಳು ಸೇರುತ್ತವೆ. ಒಂದೊಂದು ಗುಳ್ಳೆಯೂ ಮೇಲಕ್ಕೆ ಬಂದು ಒಡೆಯುವಾಗ ಅತಿ ಸಣ್ಣ ಹನಿಗಳನ್ನು ಗಾಳಿಗೆ ಚಿಮ್ಮುವುದು. ಹನಿಯ ನೀರು ಆರಿದ ಮೇಲೆ ಉಳಿಯುವುದು ಕಣ್ಣಿಗೆ ಕಾಣದ ಉಪ್ಪಿನ ಕಣ. ಅದನ್ನು ಗಾಳಿ ಹೊತ್ತು ತರುತ್ತದೆ. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿದ್ದು, ಅದರಲ್ಲಿ ೧೯ ಗ್ರಾಮಿನಷ್ಟು ಕ್ಲೋರೈಡ್ ಇದೆ. ತೀರದಿಂದ ದೂರ ಸರಿದಂತೆ ಉಪ್ಪಿನ ಕಣಗಳು ಬೇಗಬೇಗನೆ ಕಡಮೆಯಾಗುತ್ತವೆ. ದ್ವೀಪದಲ್ಲಾದರೋ ಸುತ್ತಲೂ ಕಡಲು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಉಪ್ಪನ್ನೇ ತರುವುದು.

ಹೀಗೆ ಬಂದ ಉಪ್ಪು ಒಣಗಿ ಕುಳಿತಿದ್ದರೆ ಅಷ್ಟು ಹಾನಿಯಿಲ್ಲ. ಮಳೆಗಾಲದಲ್ಲಿ ಅಡಿಗೆಮನೆಯ ಕಲ್ಲುಪ್ಪು ನೀರೊಡೆಯುವುದನ್ನು ಎಲ್ಲರೂ ಕಂಡಿದ್ದೇವೆ. ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ ೭೫ನ್ನು ದಾಟಿದಾಗ ಸೋಡಿಯಂ ಕ್ಲೋರೈಡು ಗಾಳಿಯಿಂದಲೇ ನೀರನ್ನು ಸೆಳೆದು ಕರಗತೊಡಗುತ್ತದೆ. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ನೂರಕ್ಕೆ ಮೂವತ್ತನಾಲ್ಕರಷ್ಟು ಆರ್ದ್ರತೆಯೇ ಸಾಕು. ನಮ್ಮ ಊರಿನ ವಿದ್ಯಾರ್ಥಿಗಳಿಗೆ ಈ ಅಂಕಿಗಳು ಹೊಸವಾಗಲಾರವು. ರೇಷ್ಮೆಹುಳುವಿನ ಮನೆಯಲ್ಲಿ ಒಣ ಮತ್ತು ಒದ್ದೆ ಬಲ್ಬಿನ ಉಷ್ಣಮಾಪಕವನ್ನು ತೂಗುಹಾಕಿ, ಚಾಕಿ ಹುಳುವಿಗೆ ನೂರಕ್ಕೆ ೮೦ರ ಮೇಲೆ ತೇವ ಉಳಿಸಲು ನಾವು ಒದ್ದೆ ಗೋಣಿ ಕಟ್ಟಿ ಪಾಡುಪಡುತ್ತೇವೆ. ಕಡಲತೀರದವರಿಗೆ ಆ ತೇವ ಕೇಳದೆಯೇ ಬರುತ್ತದೆ. ರಾಮೇಶ್ವರದ ಹಾಸಿಗೆಯ ಬಟ್ಟೆ ಎಷ್ಟು ಒಣಗಿಸಿದರೂ ಜಿಗಿಜಿಗಿ ಎನ್ನುತ್ತಿದ್ದುದಕ್ಕೆ ಅದರಲ್ಲಿ ಕುಳಿತಿದ್ದ ಉಪ್ಪೇ ಕಾರಣ. ಹಾಗೆಂದು ಹೇಳಿದಾಗ, ಅಗಸನನ್ನು ಬೈಯುತ್ತಿದ್ದ ಅಮ್ಮ ಸುಮ್ಮನಾದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಳೆ ನೇರವಾಗಿ ಬೀಳುವ ಗೋಡೆಯ ಉಪ್ಪು ಆಗಾಗ್ಗೆ ತೊಳೆದುಹೋಗುತ್ತದೆ. ಬಾಲ್ಕನಿಯ ತಳಕ್ಕೆ ಮಳೆ ತಾಗದು. ಅಲ್ಲಿ ಕುಳಿತ ಉಪ್ಪು ಕುಳಿತೇ ಇರುವುದು. ಹೀಗಾಗಿ ಮರೆಯಲ್ಲಿರುವ ಭಾಗವೇ ಹಲವು ವೇಳೆ ಮೊದಲು ಕೆಡುತ್ತದೆ.

ಇನ್ನು ಕಾಂಕ್ರೀಟಿನ ಒಳಕ್ಕೆ ಹೋಗೋಣ. ಕಾಂಕ್ರೀಟು ಭಾರವನ್ನು ಹೊರಲು ಬಲಶಾಲಿ, ಎಳೆತಕ್ಕೆ ದುರ್ಬಲ; ಅದುಮಿದಾಗ ತಡೆಯುವ ಬಲದಲ್ಲಿ ಹತ್ತನೆಯ ಒಂದರಷ್ಟು ಮಾತ್ರವೇ ಎಳೆದಾಗ ಉಳಿಯುತ್ತದೆ. ಎಳೆತ ಬೀಳುವ ಕಡೆ ಉಕ್ಕಿನ ಕಂಬಿಯನ್ನು ಹುದುಗಿಸುವುದು ಅದಕ್ಕಾಗಿಯೇ. ಬಿಸಿಲಿಗೆ ಇವೆರಡೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಒಂದರಿಂದೊಂದು ಬೇರ್ಪಡುವುದಿಲ್ಲ. ಅದಕ್ಕಿಂತ ದೊಡ್ಡ ಭಾಗ್ಯವೊಂದುಂಟು: ಸಿಮೆಂಟು ಗಟ್ಟಿಯಾಗುವಾಗ ಸುಣ್ಣ ಹುಟ್ಟುವುದರಿಂದ ಕಾಂಕ್ರೀಟಿನ ರಂಧ್ರಗಳಲ್ಲಿರುವ ನೀರು ಪ್ರಬಲ ಕ್ಷಾರವಾಗಿರುತ್ತದೆ, ಅದರ ಪಿ.ಎಚ್. ಹನ್ನೆರಡೂವರೆಗೂ ಮೇಲೆ. ಈ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕೆಲವೇ ನ್ಯಾನೋಮೀಟರು ದಪ್ಪದ ಆಕ್ಸೈಡಿನ ಪೊರೆ ಕಟ್ಟಿಕೊಂಡು ಕಂಬಿಯನ್ನು ಕಾಪಾಡುತ್ತದೆ. ನೀರೂ ಆಮ್ಲಜನಕವೂ ಪಕ್ಕದಲ್ಲೇ ಇದ್ದರೂ ತುಕ್ಕು ಹಿಡಿಯದು.

ಈ ಪೊರೆಗೆ ಶತ್ರುಗಳು ಇಬ್ಬರು. ಗಾಳಿಯ ಇಂಗಾಲದ ಡೈಆಕ್ಸೈಡು ಸುಣ್ಣವನ್ನು ಸೀಮೆಸುಣ್ಣವಾಗಿಸಿ ಕ್ಷಾರವನ್ನೇ ಕುಂದಿಸುತ್ತದೆ. ಇದು ಎಲ್ಲ ಊರುಗಳಲ್ಲೂ ನಡೆಯುವ ನಿಧಾನದ ಕೆಲಸ. ಕ್ಲೋರೈಡ್ ಅಯಾನಿನ ರೀತಿ ಬೇರೆ. ಕ್ಷಾರವು ಹಾಗೆಯೇ ಇದ್ದರೂ ಅದು ಪೊರೆಯನ್ನು ಅಲ್ಲಲ್ಲಿ ಚುಚ್ಚಿ ತೂತುಮಾಡುತ್ತದೆ. ತೂತಿನ ಸ್ಥಳವು ಆನೋಡು, ಸುತ್ತಲಿನ ಕಂಬಿಯೆಲ್ಲ ಕ್ಯಾಥೋಡು, ನಡುವೆ ವಿದ್ಯುತ್ತನ್ನು ಹರಿಯಗೊಡುವ ಉಪ್ಪುನೀರು! ಇದು ಬ್ಯಾಟರಿಯೇ ಅಲ್ಲವೆ? ಆನೋಡಿನಲ್ಲಿ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಕ್ಯಾಥೋಡಿನಲ್ಲಿ ಆಮ್ಲಜನಕವು ಅವನ್ನು ಪಡೆಯುತ್ತದೆ. ಆಮ್ಲಜನಕವಿಲ್ಲದೆ ಇದು ಮುಂದುವರಿಯದಾದ್ದರಿಂದ, ಸದಾ ನೀರಿನಲ್ಲಿ ಮುಳುಗಿರುವ ಕಂಬದಲ್ಲಿ ತುಕ್ಕು ನಿಧಾನ. ಒಮ್ಮೆ ನೆನೆದು ಒಮ್ಮೆ ಆರುವ ಭಾಗದಲ್ಲಿಯೇ ಅದು ಉಗ್ರ.

ಹೊರಗಿನ ಉಪ್ಪು ಕಂಬಿಯನ್ನು ಮುಟ್ಟುವುದಕ್ಕೆ ಎಷ್ಟು ಕಾಲ ಬೇಕು? ಭೌತಶಾಸ್ತ್ರದ ವಿದ್ಯಾರ್ಥಿಗೆ ಇದೇ ಅತ್ಯಂತ ರುಚಿಯಾದ ಪ್ರಶ್ನೆ. ರಾಮೇಶ್ವರದ ದೇವಾಲಯದ ಪ್ರಾಕಾರದಲ್ಲಿ ಜನಜಂಗುಳಿಯ ನಡುವೆ ಸಿಕ್ಕಿಕೊಂಡವನು ಇಟ್ಟ ಹೆಜ್ಜೆಗೊಮ್ಮೆ ಒಂದೊಂದು ಕಡೆಗೆ ತಳ್ಳಲ್ಪಡುತ್ತಾನೆ. ನೂರು ಹೆಜ್ಜೆಯಿಟ್ಟರೂ ಹೊರಟ ಕಂಬದಿಂದ ಸುಮಾರು ಹತ್ತು ಹೆಜ್ಜೆಯಷ್ಟೇ ದೂರ ಸಾಗಿರುತ್ತಾನೆ. ರಂಧ್ರದ ನೀರಿನಲ್ಲಿ ಅಯಾನುಗಳ ವಿಸರಣವೂ ಹೀಗೆಯೇ. ಸಾಗಿದ ದೂರವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ೨೦ ಮಿಲಿಮೀಟರು ಒಳಗಿರುವ ಕಂಬಿಯನ್ನು ಉಪ್ಪು ಮುಟ್ಟಲು ೧೦ ವರ್ಷ ಹಿಡಿಯಿತೆಂದು ಇಟ್ಟುಕೊಳ್ಳೋಣ. ಕಂಬಿಯು ೪೦ ಮಿಲಿಮೀಟರು ಒಳಗಿದ್ದರೆ ೨೦ ವರ್ಷವಲ್ಲ, ೪೦ ವರ್ಷ. ಅದೇ, ಮೇಸ್ತ್ರಿಯು ಕಂಬಿಯ ಕೆಳಗೆ ಸಿಮೆಂಟಿನ ಬಿಲ್ಲೆಗಳನ್ನು ಇಡಲು ಉದಾಸೀನ ಮಾಡಿ ಹೊದಿಕೆ ೧೦ ಮಿಲಿಮೀಟರಿಗೆ ಇಳಿದರೆ ಎರಡೂವರೆ ವರ್ಷದಲ್ಲೇ ಉಪ್ಪು ಕಂಬಿಗೆ ತಾಗಿತು! ಭಾರತೀಯ ಮಾನಕ ೪೫೬ ಎಂಬ ಸಂಹಿತೆಯು ಒಳನಾಡಿನ ಸೌಮ್ಯ ಹವೆಗೆ ೨೦ ಮಿಲಿಮೀಟರು ಹೊದಿಕೆ ಸಾಕೆಂದೂ, ಕಡಲಹವೆಗೆ ತೆರೆದ ಕಾಂಕ್ರೀಟಿಗೆ ೪೫, ಕಡಲ ತುಂತುರು ಬಡಿಯುವಲ್ಲಿ ೫೦, ಉಬ್ಬರವಿಳಿತಕ್ಕೆ ಸಿಕ್ಕುವಲ್ಲಿ ೭೫ ಬೇಕೆಂದೂ ವಿಧಿಸುತ್ತದೆ. ಇಪ್ಪತ್ತರಿಂದ ನಲವತ್ತೈದಕ್ಕೆ ಏರಿಸಿದರೆ ಕಾಲವು ಐದು ಪಟ್ಟಾಗುತ್ತದೆಂಬುದನ್ನು ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು. ವಾಸ್ತವದಲ್ಲಿ ಕಾಂಕ್ರೀಟಿನ ಬಿಗಿ, ಬಿರುಕು, ತೇವ ಇವೆಲ್ಲ ಈ ಲೆಕ್ಕವನ್ನು ಹಿಂದೆಮುಂದೆ ಎಳೆಯುತ್ತವೆ. ಆದರೂ ಅದರ ಎಲುಬು ಇದೇ.

ಕಂಬಿ ಸವೆಯುವುದು ಒಂದು ಕೇಡು. ಅದಕ್ಕಿಂತ ಮುಂಚೆಯೇ ಕಾಣಿಸಿಕೊಳ್ಳುವ ಇನ್ನೊಂದು ಕೇಡೆಂದರೆ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ಬಂಡೆಯನ್ನು ಸೀಳಲು ನಮ್ಮ ಕಲ್ಲುಕುಟಿಗರು ಬೆಣೆ ಹೊಡೆಯುವಂತೆ, ಅದು ಕಾಂಕ್ರೀಟನ್ನು ಒಳಗಿನಿಂದ ಒತ್ತಿ ಸೀಳುವುದು. ಕಂಬಿ ಹೋದ ದಾರಿಯಲ್ಲಿಯೇ ನೇರವಾದ ಬಿರುಕು ಬೀಳುವುದು ಇದರಿಂದ. ಬಿರುಕು ಬಿದ್ದಮೇಲೆ ಉಪ್ಪಿಗೂ ಗಾಳಿಗೂ ಹೆಬ್ಬಾಗಿಲು ತೆರೆದಂತಾಯಿತು. ಮೇಲೆ ಬಳಿದ ಬಣ್ಣ ಈ ಒತ್ತಡವನ್ನು ತಡೆಯಲಾರದು. ಕಲೆಯನ್ನು ಮುಚ್ಚಿ ನೋಡುವವರ ಕಣ್ಣು ತಪ್ಪಿಸಬಲ್ಲದು, ಅಷ್ಟೆ. ಬಿದ್ದ ಜಾಗಕ್ಕೆ ಬರಿಯ ಗಾರೆ ಮೆತ್ತಿದರೂ ಸಾಲದು. ಉಪ್ಪು ಉಂಡ ಹಳೆಯ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಕೆತ್ತಿ ತೆಗೆಯದಿದ್ದರೆ, ಹೊಸ ಗಾರೆಯ ಅಂಚಿನಲ್ಲಿಯೇ ಮತ್ತೊಂದು ಆನೋಡು ಹುಟ್ಟಿಕೊಳ್ಳುತ್ತದೆ.

ಒಳಗೆ ಪದರ ಬಿಟ್ಟಿದೆಯೇ ಎಂದು ತಿಳಿಯಲು ಸಂತೆಯಲ್ಲಿ ಗಡಿಗೆ ಕೊಳ್ಳುವವರ ಉಪಾಯವೇ ಸಾಕು. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ. ಪದರ ಬಿಟ್ಟದ್ದು ತಮಟೆಯ ಚರ್ಮದಂತೆ ಬೇರೆಯಾಗಿ ಕಂಪಿಸಿ ಡಬ್ ಎನ್ನುತ್ತದೆ. ಇಂಜಿನಿಯರುಗಳೂ ಇದನ್ನೇ ಮೊದಲು ಮಾಡುವರು. ತಲೆಯ ಮೇಲಿನ ಭಾಗವನ್ನು ಮಾತ್ರ ನೀವು ತಟ್ಟಲು ಹೋಗಬೇಡಿ.

ಇದನ್ನು ಕಡೆಗಣಿಸಿದರೆ ಆಗುವುದೇನು? ಅಮೆರಿಕದ ಫ್ಲಾರಿಡಾದಲ್ಲಿ, ಮಯಾಮಿಯ ಬಳಿ, ಕಡಲಿಗೂ ಕೊಲ್ಲಿಗೂ ನಡುವಣ ಉದ್ದನೆಯ ದ್ವೀಪದ ಮೇಲೆ ಸರ್ಫ್‌ಸೈಡ್ ಎಂಬ ಊರಿದೆ. ಅಲ್ಲಿ ೧೯೮೧ರಲ್ಲಿ ಕಟ್ಟಿದ, ಹನ್ನೆರಡು ಅಂತಸ್ತಿನ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಮನೆಸಮೂಹವಿತ್ತು. ಒಂದೊಂದು ಮನೆಗೆ ಒಬ್ಬೊಬ್ಬ ಒಡೆಯ. ಕಂಬ, ಚಾವಣಿ, ಈಜುಕೊಳ ಮಾತ್ರ ಎಲ್ಲರಿಗೂ ಸೇರಿದವು. ೨೦೧೮ರಲ್ಲಿ ಪರೀಕ್ಷಿಸಿದ ಇಂಜಿನಿಯರೊಬ್ಬರು ಈಜುಕೊಳದ ಅಂಗಳದಲ್ಲಿ ನೀರು ತಡೆಯುವ ಪದರ ಕೆಟ್ಟು, ಕೆಳಗಿನ ಚಪ್ಪಡಿಗೆ ದೊಡ್ಡ ಹಾನಿಯಾಗಿದೆಯೆಂದು ಬರೆದುಕೊಟ್ಟರು. ದುರಸ್ತಿಗೆ ತಗಲುವ ಹಣವನ್ನು ಎಲ್ಲರೂ ಹಂಚಿಕೊಳ್ಳಬೇಕು. ಮಾತುಕತೆಯಲ್ಲಿಯೇ ವರ್ಷಗಳು ಕಳೆದವು. ೨೦೨೧ರ ಏಪ್ರಿಲಿನಲ್ಲಿ ಒಂದೂವರೆ ಕೋಟಿ ಡಾಲರಿನಷ್ಟು ಹಣ ಎತ್ತುವ ನಿರ್ಣಯವೇನೋ ಆಯಿತು. ಜೂನ್ ೨೪ರ ನಡುರಾತ್ರಿ ಕಳೆದ ಮೇಲೆ, ಜನ ಮಲಗಿದ್ದಾಗ, ಕಟ್ಟಡದ ಅರ್ಧದಷ್ಟು ಭಾಗ ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಕುಸಿಯಿತು. ಸತ್ತವರು ೯೮ ಮಂದಿ. ತುಕ್ಕೊಂದೇ ಇದಕ್ಕೆ ಕಾರಣವೆಂದು ಹೇಳುವುದು ತಪ್ಪಾದೀತು; ಅಂಗಳದ ಚಪ್ಪಡಿಗೆ ವಿನ್ಯಾಸದಲ್ಲಿಯೇ ಸಾಕಷ್ಟು ಬಲವಿರಲಿಲ್ಲವೆಂಬುದೂ ತನಿಖೆಯಿಂದ ಹೊರಬಂದಿದೆ. ಮೊದಲೇ ಬಲಹೀನವಾದ ಕಟ್ಟಡಕ್ಕೆ ತುಕ್ಕಿನ ಸಾಲ ತೀರಿಸುವ ಶಕ್ತಿ ಎಲ್ಲಿಂದ ಬರಬೇಕು?

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ನೆರೆಯ ಗೋವೆಯ ಪಣಜಿಯಲ್ಲಿ ಮಾಂಡೋವಿ ನದಿಯ ಸೇತುವೆಯು ಕಟ್ಟಿ ಇಪ್ಪತ್ತು ವರ್ಷವೂ ತುಂಬುವ ಮೊದಲೇ, ೧೯೮೬ರ ಜುಲೈ ೫ರಂದು ಕುಸಿಯಿತು. ಒಳಗಿನ ಉಕ್ಕು ತುಕ್ಕು ಹಿಡಿದದ್ದು ಅದರ ಕಾರಣಗಳಲ್ಲೊಂದು. ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲುಸೇತುವೆಯ ಕಥೆ ಇದಕ್ಕಿಂತ ಸಮಾಧಾನಕರ. ೧೯೧೪ರಲ್ಲಿ ತೆರೆದ ಆ ಸೇತುವೆ, ೧೯೬೪ರ ಡಿಸೆಂಬರಿನಲ್ಲಿ ಧನುಷ್ಕೋಟಿಯನ್ನು ಅಳಿಸಿಹಾಕಿದ ಚಂಡಮಾರುತದಲ್ಲಿ ಮುರಿದರೂ ಮತ್ತೆ ಎದ್ದಿತು. ಎಡೆಬಿಡದೆ ಕೆರೆದು, ಬಣ್ಣ ಹಚ್ಚಿ, ಸವೆದುದನ್ನು ಬದಲಿಸಿ ಅದನ್ನು ನೂರು ವರ್ಷಕ್ಕೂ ಮೇಲೆ ಉಳಿಸಿಕೊಂಡರು. ಕಡೆಗೆ ೨೦೨೨ರ ಡಿಸೆಂಬರಿನಲ್ಲಿ ರೈಲು ಸಂಚಾರವನ್ನು ನಿಲ್ಲಿಸಬೇಕಾಯಿತು. ೨೦೨೫ರ ಏಪ್ರಿಲ್ ೬ರಂದು ತೆರೆದ ಹೊಸ ಸೇತುವೆಯ ಕಾಂಕ್ರೀಟಿನಲ್ಲಿ ತುಕ್ಕುಹಿಡಿಯದ ಉಕ್ಕಿನ ಕಂಬಿಗಳನ್ನು ಬಳಸಿದ್ದಾರೆ. ದ್ವೀಪದ ಎದುರಿನ ದಡದ ಮಂಟಪಂನಲ್ಲಿ, ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾಲಯದವರು ಬಗೆಬಗೆಯ ಲೋಹದ ತಗಡುಗಳನ್ನು ಕಡಲಗಾಳಿಗೆ ಒಡ್ಡಿ, ಯಾವುದು ಎಷ್ಟು ಸವೆಯುವುದೆಂದು ಅಳೆಯುತ್ತಾರೆ.

ಮರುದಿನ ದೇವಾಲಯದ ಹದಿನೆಂಟನೆಯ ಶತಮಾನದ ಉದ್ದ ಪ್ರಾಕಾರದಲ್ಲಿ ನಡೆಯುವಾಗ ಅಮ್ಮ, ‘ಇದಕ್ಕೆ ಉಪ್ಪು ಹಿಡಿಯಲಿಲ್ಲವೇನೋ?’ ಎಂದು ಕೇಳಿದರು. ಹಿಡಿಯದೆ ಏನು? ಉಪ್ಪಿನ ಹರಳು ಕಲ್ಲಿನ ಮೈಯನ್ನೂ ಸವೆಸುತ್ತದೆ. ಆದರೆ ಆ ಕಲ್ಲುಕಂಬಗಳ ಹೊಟ್ಟೆಯಲ್ಲಿ ಉಬ್ಬಿ ಸೀಳುವ ಕಂಬಿಯಿಲ್ಲ. ನಮ್ಮ ಹಳ್ಳಿಗಳ ಕಲ್ಲುಚಪ್ಪಡಿಯ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಈಗ ನಮ್ಮಲ್ಲಿಯೂ ಎಲ್ಲರೂ ಆರ್.ಸಿ.ಸಿ. ಚಾವಣಿಯನ್ನೇ ಹಾಕುತ್ತಿರುವರು, ಕಲಸುವುದು ಕೊಳವೆಬಾವಿಯ ನೀರಿನಿಂದ. ಕಂಬಿಯಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ ೫೦೦ ಮಿಲಿಗ್ರಾಂ ಮೀರಬಾರದೆಂದು ಮೇಲೆ ಹೇಳಿದ ಸಂಹಿತೆಯೇ ವಿಧಿಸಿದೆ. ನೀರು ಬಾಯಿಗೆ ಉಪ್ಪೆನಿಸಿದರೆ, ಚಾವಣಿ ಹಾಕುವ ಮುನ್ನ ಅದನ್ನು ಪರೀಕ್ಷೆಗೆ ಕಳುಹಿಸುವುದು ಒಳ್ಳೆಯದು. ಇಲ್ಲವಾದರೆ ಕಡಲನ್ನು ನಾವೇ ಮನೆಯೊಳಕ್ಕೆ ಕರೆದಂತೆ.

ಮನೆಯಲ್ಲಿಯೇ ಮಾಡಿನೋಡಲು ಒಂದು ಪ್ರಯೋಗ ಉಂಟು. ಎಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಎರಡು ಸಣ್ಣ ಸೀಸೆಗಳಿಗೆ ಮುಕ್ಕಾಲು ಭಾಗ ತುಂಬಿರಿ. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕರಗಿಸಿರಿ. ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸಿದ, ಸತುವಿನ ಲೇಪವಿಲ್ಲದ ಕಬ್ಬಿಣದ ಮೊಳೆಯನ್ನು ಎರಡಕ್ಕೂ ಒಂದೊಂದು ಹಾಕಿ ಬಿರಡೆಯನ್ನು ಬಿಗಿಯಾಗಿ ಮುಚ್ಚಿರಿ. ಮುಚ್ಚದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡು ಸುಣ್ಣವನ್ನು ಕೆಡಿಸುತ್ತದೆ. ಎರಡು ವಾರ ದಿನವೂ ನೋಡಿ ಬರೆದಿಡಿರಿ. ಉಪ್ಪಿಲ್ಲದ ಸೀಸೆಯ ಮೊಳೆ ಹೊಳಪಾಗಿಯೇ ಉಳಿಯಬೇಕು. ಉಪ್ಪಿನ ಸೀಸೆಯಲ್ಲಿ ಮೊಳೆಯ ಮೈಯೆಲ್ಲ ಒಮ್ಮೆಗೇ ಕೆಂಪಾಗದು. ಎಲ್ಲೋ ಒಂದೆರಡು ಕಡೆ, ಹೆಚ್ಚಾಗಿ ತಲೆಯ ಅಡಿಯಲ್ಲೋ ಮೊನೆಯಲ್ಲೋ, ಸಾಸಿವೆಯಷ್ಟು ಕಂದು ಚುಕ್ಕೆ ಮೊದಲು ಕಾಣುವುದು. ಆ ಚುಕ್ಕೆಯೇ ಆನೋಡು.