ಹೂಜಿ ಗಿಡವೂ ಬೆಟ್ಟದ ರಾತ್ರಿಯೂ

ಮಳೆಗಾಲ ಹಿಂದೆ ಸರಿಯುವ ಹೊತ್ತಿನಲ್ಲಿ ನಮ್ಮ ಕಾಸರಗೋಡು ಸೀಮೆಯ ಮುರಕಲ್ಲಿನ ಪದವುಗಳ ಮೇಲೆ ನಡೆದುಹೋದವರು ಎರಡು ಬಗೆಯ ಕಿರುಗಿಡಗಳನ್ನು ಕಂಡಿರಬಹುದು. ಒಂದರ ಎಲೆ ದಾರದಂತೆ ಸಪೂರ. ಅದರ ಮೇಲಿನ ಕೂದಲುಗಳ ತುದಿಯಲ್ಲೆಲ್ಲ ಇಬ್ಬನಿಯಂತೆ ಮಿನುಗುವ ಅಂಟುಹನಿ. ಇನ್ನೊಂದು ನೀಲಿ ಹೂವಿನ ಪುಟ್ಟ ಸಸ್ಯ. ಅದರ ಬೇಟೆಯೆಲ್ಲ ನೀರೂರಿದ ಮಣ್ಣಿನೊಳಗಣ ಸೂಕ್ಷ್ಮವಾದ ಚೀಲಗಳಲ್ಲಿ ನಡೆಯತಕ್ಕದ್ದು. ಮೊದಲನೆಯದು ದ್ರೋಸೆರಾ, ಎರಡನೆಯದು ಯುಟ್ರಿಕ್ಯುಲೇರಿಯಾ. ಎರಡೂ ಕೀಟಾಹಾರಿಗಳು. ಬಂಡೆಯ ಮೇಲೆ ಬೆರಳುದ್ದ ಮಣ್ಣೂ ಇಲ್ಲದ, ಇದ್ದ ಸಾರವೂ ಮಳೆಯಲ್ಲಿ ತೊಳೆದುಹೋಗುವ ಎಡೆಯಲ್ಲಿ ಸಸ್ಯವು ಸಾರಜನಕಕ್ಕಾಗಿ ಹುಳುವನ್ನು ಆಶ್ರಯಿಸಬೇಕಾಯಿತು. ಇಂಥದೇ ಬಡತನದಲ್ಲಿ ಹುಟ್ಟಿ, ಇವೆರಡಕ್ಕಿಂತ ಎಷ್ಟೋ ಪಾಲು ಭವ್ಯವಾಗಿ ಬೆಳೆದುದು ಹೂಜಿ ಗಿಡ. ಅದರಲ್ಲಿಯೂ ಬೆಟ್ಟದ ತಂಪಿನಲ್ಲಿ ಬೆಳೆಯುವ ಜಾತಿಗಳನ್ನು ಮನೆಯಲ್ಲಿ ಸಾಕುವ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ಪ್ರಕೃತ ನಮ್ಮ ಉದ್ದೇಶ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನೀಲಗಿರಿಯಲ್ಲಿಯೂ ವಯನಾಡಿನಲ್ಲಿಯೂ ನೆಲಸಿರುವರು. ಅವರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು. ಊರಿನಲ್ಲಿಯೇ ಇರುವವರಿಗೆ ಹಣವಾದರೂ ಉಳಿದೀತು.

ಹೂಜಿಯು ಹೂವಲ್ಲ, ಕಾಯಿಯೂ ಅಲ್ಲ. ಅದು ಎಲೆಯ ತುದಿ. ಎಲೆಯ ನಡುನರವು ತುದಿಯಾಚೆಗೆ ಬಳ್ಳಿಯ ಕುಡಿಯಂತೆ ಚಾಚಿ, ಕೆಳಗೆ ಬಾಗಿ, ಮತ್ತೆ ಮೇಲೆದ್ದು ಹೂಜಿಯಾಗಿ ಉಬ್ಬುತ್ತದೆ. ಹುಳು ಬಿದ್ದೊಡನೆ ಮುಚ್ಚಳ ಮುಚ್ಚಿಕೊಳ್ಳುತ್ತದೆಂದು ಹಲವರು ನಂಬಿರುವರು. ಹಾಗಿಲ್ಲ, ಒಮ್ಮೆ ತೆರೆದ ಮುಚ್ಚಳ ಮತ್ತೆ ಮುಚ್ಚುವುದಿಲ್ಲ. ಒಳಗಿನ ರಸದೊಳಕ್ಕೆ ಮಳೆನೀರು ಸುರಿದು ತುಂಬದಂತೆ ಅದು ಕೊಡೆ ಹಿಡಿದಿದೆ, ಅಷ್ಟೆ. ಹುಳುವನ್ನು ಕೆಡಹುವುದು ಬಾಯಿಯ ಸುತ್ತಲಿನ ಗೆರೆಗೆರೆಯ ಅಂಚು. ಅಂಚು ಒದ್ದೆಯಾದಾಗ ಅದರ ಮೇಲೆ ನೀರಿನ ತೆಳುಪೊರೆ ಹರಡಿ ಇರುವೆಯ ಕಾಲು ಜಾರುವುದೆಂಬುದನ್ನು ವಿಜ್ಞಾನಿಗಳು 2004ರಲ್ಲಿ ತೋರಿಸಿಕೊಟ್ಟರು. ಒಳಗಿನ ರಸವು ಬರಿಯ ನೀರಲ್ಲ, ಜೀರ್ಣರಸವೆಂಬುದು ಅದಕ್ಕಿಂತ ಬಹಳ ಹಿಂದೆಯೇ ತಿಳಿದಿತ್ತು. ಜೋಸೆಫ್ ಹೂಕರರು ಹೂಜಿಗಳಲ್ಲಿ ಮೊಟ್ಟೆಯ ಬಿಳಿಭಾಗವನ್ನೂ ಮಾಂಸದ ಚೂರುಗಳನ್ನೂ ಇಟ್ಟು ಪರೀಕ್ಷಿಸಿ, 1874ರಲ್ಲಿ ಬೆಲ್‌ಫಾಸ್ಟಿನ ವಿದ್ವತ್ಸಭೆಯಲ್ಲಿ ಅದನ್ನು ವಿವರಿಸಿದರು. ಮರುವರ್ಷವೇ ಡಾರ್ವಿನ್ನರ ಕೀಟಾಹಾರಿ ಸಸ್ಯಗಳ ಗ್ರಂಥ ಹೊರಬಂದಿತು. ಗಿಡದ ಶಾಸ್ತ್ರೀಯ ನಾಮ ನೆಪೆಂಥಿಸ್. ಹೋಮರನ ಕಾವ್ಯದಲ್ಲಿ ದುಃಖವನ್ನು ಮರೆಯಿಸುವ ಮದ್ದಿಗೆ ಇರುವ ಹೆಸರನ್ನು ಲಿನೇಯಸನು ಇದಕ್ಕೆ ಇಟ್ಟನು.

ಮಡಗಾಸ್ಕರಿನಿಂದ ನ್ಯೂ ಕ್ಯಾಲೆಡೋನಿಯದವರೆಗೆ ಇದರ 160ಕ್ಕೂ ಹೆಚ್ಚು ಜಾತಿಗಳಿವೆ. ಬೋರ್ನಿಯೊ, ಸುಮಾತ್ರಾ, ಫಿಲಿಪ್ಪೀನ್ಸ್ ದ್ವೀಪಗಳೇ ಇದರ ಮುಖ್ಯವಾದ ಮನೆ. ಸುಮಾರು 1,000 ಮೀಟರಿಗಿಂತ ಕೆಳಗಿನವನ್ನು ತಗ್ಗಿನ ಜಾತಿಗಳೆಂದೂ ಮೇಲಿನವನ್ನು ಬೆಟ್ಟದ ಜಾತಿಗಳೆಂದೂ ಬೆಳೆಗಾರರು ವಿಂಗಡಿಸುವರು. ಬೆಟ್ಟದವುಗಳಲ್ಲಿ ಹೆಸರಾದುದು ಬೋರ್ನಿಯೊದ ಕಿನಬಾಲು ಪರ್ವತದ ನೆಪೆಂಥಿಸ್ ರಾಜಾ. ಅದರ ಒಂದು ದೊಡ್ಡ ಹೂಜಿ ಮೂರು ಲೀಟರಿಗೂ ಹೆಚ್ಚು ನೀರು ಹಿಡಿಯಬಲ್ಲದು. ಅದೇ ದ್ವೀಪದ ಲೋವಿಯೈ ಎಂಬ ಜಾತಿಯ ಬಾಳು ಇನ್ನೂ ವಿಚಿತ್ರ. ಅಳಿಲನ್ನು ಹೋಲುವ ಟುಪಾಯಾ ಎಂಬ ಪ್ರಾಣಿಯು ಮುಚ್ಚಳದಡಿಯ ಸಿಹಿಯನ್ನು ನೆಕ್ಕುತ್ತ ಹೂಜಿಯ ಮೇಲೆ ಕುಳಿತು ಮಲ ವಿಸರ್ಜಿಸುತ್ತದೆ. ಬಲಿತ ಗಿಡವು ತನಗೆ ಬೇಕಾದ ಸಾರಜನಕದ ಅರ್ಧಕ್ಕಿಂತ ಹೆಚ್ಚನ್ನು ಅದರಿಂದಲೇ ಪಡೆಯುತ್ತದೆಂದು 2009ರಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಈ ಭಾಗವನ್ನು ಹೇಳುವಾಗ ಮಕ್ಕಳ ಗಮನವನ್ನು ಬೇಡಿಕೊಳ್ಳಬೇಕಾಗಿಲ್ಲ.

ಬೆಟ್ಟದ ಜಾತಿಗಳನ್ನು ಸಾಕುವ ಪ್ರಶ್ನೆಯೆಲ್ಲ ನಿಂತಿರುವುದು ರಾತ್ರಿಯ ಉಷ್ಣತೆಯ ಮೇಲೆ. ಸಮುದ್ರಮಟ್ಟದಿಂದ 1,000 ಮೀಟರ್ ಏರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಗ್ಗುತ್ತದೆ. ಕಡಲ ತೀರದಲ್ಲಿ ರಾತ್ರಿ 25 ಡಿಗ್ರಿಯಿದ್ದರೆ 2,000 ಮೀಟರ್ ಎತ್ತರದಲ್ಲಿ 12 ಡಿಗ್ರಿ. ಗಿಡವು ಹಗಲು ಬೆಳಕಿನಲ್ಲಿ ಸಕ್ಕರೆಯನ್ನು ಸಂಪಾದಿಸುತ್ತದೆ. ಉಸಿರಾಟಕ್ಕಾಗಿ ಹಗಲಿರುಳೂ ಅದನ್ನು ವ್ಯಯಿಸುತ್ತದೆ. ರಾತ್ರಿಯಲ್ಲಿ ಸಂಪಾದನೆಯಿಲ್ಲ, ಬರಿಯ ಖರ್ಚು. ಉಷ್ಣತೆ 10 ಡಿಗ್ರಿ ಏರಿದರೆ ಈ ಖರ್ಚು ಸ್ಥೂಲವಾಗಿ ಎರಡು ಪಟ್ಟಾಗುತ್ತದೆ. ಆದುದರಿಂದ 12 ಡಿಗ್ರಿಯ ರಾತ್ರಿಗೆ ತಕ್ಕಂತೆ ಸಂಸಾರ ಹೂಡಿದ ಗಿಡವನ್ನು 25 ಡಿಗ್ರಿಯ ರಾತ್ರಿಯಲ್ಲಿ ಇಟ್ಟರೆ ಅದು ಒಂದೇ ದಿನದಲ್ಲಿ ಸಾಯುವುದಿಲ್ಲ. ಮೊದಲು ಹೂಜಿ ಬಿಡುವುದನ್ನು ನಿಲ್ಲಿಸುತ್ತದೆ, ಬಳಿಕ ಹೊಸ ಎಲೆ ಹಿಂದಿನದಕ್ಕಿಂತ ಕಿರಿದಾಗುತ್ತದೆ, ಕೊನೆಗೆ ಸುಳಿ ಕರಗುತ್ತದೆ. ಕೊಂಡವನು ನೀರು ಸಾಲದೆಂದು ಮತ್ತಷ್ಟು ನೀರು ಹಾಕುವನು, ಬೇರೂ ಕೊಳೆಯುತ್ತದೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರಿಗೆ ಈ ಗಿಡಗಳ ಹುಚ್ಚು ಹಿಡಿದಿತ್ತು. ಲಂಡನ್ನಿನ ವೀಚ್ ಸಸ್ಯೋದ್ಯಾನದವರು 1862ರಲ್ಲಿಯೇ ಎರಡು ಜಾತಿಗಳನ್ನು ಕೂಡಿಸಿ ಮಿಶ್ರತಳಿಯನ್ನು ಪಡೆದಿದ್ದರು. ಕಾಯಿಸಿದ ಗಾಜಿನ ಮನೆಗಳಲ್ಲಿ ತಗ್ಗಿನ ಜಾತಿಗಳು ಸೊಂಪಾಗಿ ಬೆಳೆದವು. ರಾಜಾ ಮಾತ್ರ ಅವರ ಕೈಗೆ ಒಗ್ಗಲಿಲ್ಲ.

ಹಗಲು 20ರಿಂದ 26 ಡಿಗ್ರಿ, ರಾತ್ರಿ 10ರಿಂದ 15 ಡಿಗ್ರಿ: ಇದು ಬೆಟ್ಟದ ಜಾತಿಗಳಿಗೆ ಹಿತವಾದ ಅಳತೆ. ಸುಮಾರು 1,850 ಮೀಟರಿನ ಕೂನೂರು, 2,240 ಮೀಟರಿನ ಉದಕಮಂಡಲ ಇವುಗಳಿಗೆ ಇದು ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಉದಕಮಂಡಲದಲ್ಲಿ ಡಿಸೆಂಬರ್, ಜನವರಿ ತಿಂಗಳ ಕೆಲವು ರಾತ್ರಿ ಹಿಮ ಬೀಳುವುದುಂಟು; ಆಗ ಕುಂಡವನ್ನು ಮನೆಯೊಳಕ್ಕೆ ತರಲೇಬೇಕು. ವಯನಾಡಿನ ನಡುವೆತ್ತರದಲ್ಲಿರುವವರು ರಾಜಾ, ಲೋವಿಯೈಗಳ ಗೊಡವೆಗೆ ಹೋಗದೆ ಫಿಲಿಪ್ಪೀನ್ಸಿನ ವೆಂಟ್ರಿಕೋಸಾವನ್ನೋ ಅದರಿಂದ ಹುಟ್ಟಿದ ವೆಂಟ್ರಾಟಾ ಎಂಬ ಮಿಶ್ರತಳಿಯನ್ನೋ ಆರಿಸಿಕೊಳ್ಳುವುದು ಜಾಣತನ. ಇವು ಸೆಕೆಯನ್ನು ಒಂದಿಷ್ಟು ತಾಳಿಕೊಳ್ಳುವವು. ಕಾಸರಗೋಡಿನಲ್ಲಿ ಬೆಟ್ಟದ ಜಾತಿಯನ್ನು ಇಟ್ಟುಕೊಳ್ಳಬೇಕಾದರೆ ರಾತ್ರಿಯೆಲ್ಲ ಹವಾನಿಯಂತ್ರಣ ಯಂತ್ರ ಓಡಬೇಕು. ಒಂದು ಗಿಡಕ್ಕಾಗಿ ಅಷ್ಟು ವಿದ್ಯುತ್ತನ್ನು ಸುಡುವುದು ನಮಗೆ ಸರಿಕಾಣದು. ನಮ್ಮ ಊರಿನ ಸೆಕೆಗೆ ತಗ್ಗಿನ ಜಾತಿಗಳೇ ತಕ್ಕವು.

ಕುಂಡಕ್ಕೆ ತೋಟದ ಮಣ್ಣು, ಹಟ್ಟಿಗೊಬ್ಬರ ಯಾವುದೂ ಕೂಡದು. ಸಾರವಿಲ್ಲದಿರುವುದೇ ಇಲ್ಲಿ ಗುಣ. ಸ್ಫ್ಯಾಗ್ನಂ ಎಂಬ ಒಣ ಪಾಚಿಯನ್ನೂ ಪರ್ಲೈಟ್ ಎಂಬ ಹಗುರವಾದ ಬಿಳಿ ಕಾಳನ್ನೂ ಕೂಡಿಸಿ ತುಂಬುವುದು ರೂಢಿ. ಪಾಚಿ ದುಬಾರಿಯೆನಿಸಿದರೆ ತೆಂಗಿನ ಸಿಪ್ಪೆಯ ಸಣ್ಣ ತುಂಡುಗಳು ಆದೀತು. ಆದರೆ ಅದರಲ್ಲಿ ಉಪ್ಪಿನ ಅಂಶವಿರುವುದರಿಂದ ಹಲವು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಾಯಿಸಿ ತೊಳೆದೇ ಬಳಸತಕ್ಕದ್ದು. ಬೇರುಗಳು ಕಪ್ಪಗೆ, ಕೂದಲಿನಂತೆ ಸೂಕ್ಷ್ಮವಾಗಿರುವವು. ಕುಂಡ ಬದಲಾಯಿಸುವಾಗ ಅವನ್ನು ಬಿಡಿಸಲು ಹೋಗಬಾರದು. ಕುಂಡದಡಿಯಲ್ಲಿ ನೀರು ನಿಲ್ಲಬಾರದು, ಒಳಗೆ ಒಣಗಲೂ ಬಾರದು. ನೀರು ಮಳೆಯದೇ ಆಗಬೇಕು. ಸುಣ್ಣ, ಲವಣಗಳಿರುವ ಕೊಳವೆ ಬಾವಿಯ ನೀರನ್ನು ಹಾಕಿದರೆ ಕೆಲವು ತಿಂಗಳಲ್ಲಿ ಲವಣವು ಕುಂಡದಲ್ಲಿ ಸೇರಿಕೊಂಡು ಬೇರನ್ನು ಸುಡುತ್ತದೆ. ನಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಾಲ್ಕು ದೊಡ್ಡ ಡಬ್ಬಿಗಳಲ್ಲಿ ಹಿಡಿದು ಮುಚ್ಚಿಟ್ಟರೆ ಬೇಸಗೆ ಕಳೆಯುತ್ತದೆ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನಕ್ಕೆ ನೆರಳಾಗುವ ಜಗಲಿ ಯೋಗ್ಯವಾದ ಸ್ಥಳ. ಗಾಳಿ ಆಡಬೇಕು, ಒಣಗಾಳಿಯಾಗಬಾರದು. ಎಲೆ ಬಂದು ಕುಡಿಯ ತುದಿ ಹೂಜಿಯಾಗದೆ ಕರಟಿದರೆ ಬೆಳಕು ಸಾಲದು, ಇಲ್ಲವೇ ತೇವ ಸಾಲದು ಎಂದು ತಿಳಿಯಬೇಕು.

ಹೂಜಿಗೆ ಹಾಲು ಹೊಯ್ಯುವುದು, ಮೀನಿನ ತುಂಡು ಹಾಕುವುದು ಮಕ್ಕಳಿಗೆ ಬಲು ಪ್ರೀತಿಯ ಕೆಲಸ. ಅದರಿಂದ ಹೂಜಿ ಕೊಳೆತು ನಾರುತ್ತದೆ. ಜಗಲಿಯ ಇರುವೆಗಳೇ ಸಾಕು. ಪ್ರಯಾಣದಲ್ಲಿ ರಸ ಚೆಲ್ಲಿದ್ದರೆ ಹೂಜಿಯ ಮೂರರಲ್ಲಿ ಒಂದು ಪಾಲಿನಷ್ಟು ಮಳೆನೀರು ಹಾಕಿದರೆ ಸಾಕು.

ಇನ್ನು ಗಿಡವನ್ನು ಎಲ್ಲಿಂದ ತರಬೇಕೆಂಬುದು. ಭಾರತದಲ್ಲಿರುವ ಹೂಜಿ ಗಿಡ ಒಂದೇ ಒಂದು, ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ಗಾರೋ ಜನರು ಅದನ್ನು ದೆವ್ವದ ಬುಟ್ಟಿ ಎಂಬರ್ಥದ ಮೆಮಾಂಗ್ ಕೋಕ್ಸಿ ಎಂಬ ಹೆಸರಿನಿಂದ ಕರೆಯುವರು. ಗಾರೋ ಬೆಟ್ಟದ ಬಾಘ್‌ಮಾರಾದಲ್ಲಿ ಅದಕ್ಕಾಗಿಯೇ ಒಂದು ರಕ್ಷಿತ ತಾಣವಿದೆ. ಗಣಿಗಾರಿಕೆಯಿಂದಲೂ ಕಿತ್ತು ಮಾರುವವರಿಂದಲೂ ಅದು ವಿರಳವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿ ಅದು ಸೇರಿರುವುದರಿಂದ ಪರವಾನಗಿಯಿಲ್ಲದೆ ಕೀಳುವುದು, ಮಾರುವುದು ಮಾತ್ರವಲ್ಲ, ಬೆಳೆಸುವುದೂ ಅಪರಾಧ. ದೇಶದೇಶಗಳ ನಡುವಿನ ವ್ಯಾಪಾರಕ್ಕಾಗಿ 1973ರಲ್ಲಿ ಒಪ್ಪಿತವಾದ ಸೈಟಿಸ್ ಒಡಂಬಡಿಕೆಯ ಮೊದಲ ಪಟ್ಟಿಯಲ್ಲಿ ಇರುವ ಹೂಜಿ ಗಿಡಗಳು ಎರಡೇ: ರಾಜಾ ಮತ್ತು ಖಾಸಿಯಾನಾ. ಉಳಿದವೆಲ್ಲ ಎರಡನೆಯ ಪಟ್ಟಿಯಲ್ಲಿವೆ. ಅಗ್ಗವೆಂದು ಯಾರಾದರೂ ದೊಡ್ಡ ಗಿಡವನ್ನು ತೋರಿಸಿದರೆ ಎಲೆಗಳನ್ನು ನೋಡಿರಿ. ಹರಿದು, ಹುಳು ತಿಂದು, ಕಲೆಯಾದ ಹಳೆಯ ಎಲೆಗಳೂ ಕತ್ತರಿಸಿದ ಬೇರೂ ಇದ್ದರೆ ಅದು ಕಾಡಿನಿಂದ ಕಿತ್ತದ್ದಿರಬಹುದು. ಅಂಥದು ಸಾಮಾನ್ಯವಾಗಿ ಬದುಕುವುದೂ ಇಲ್ಲ. ಸಸ್ಯೋದ್ಯಾನದಲ್ಲಿ ಕಡ್ಡಿಯಿಂದಲೋ ಅಂಗಾಂಶ ಕೃಷಿಯಿಂದಲೋ ಬೆಳೆಸಿದ ಸಣ್ಣ ಗಿಡವನ್ನೇ ಕೊಳ್ಳಬೇಕು.

ಮನೆಯಲ್ಲಿ ಒಂದು ಗಿಡ ನೆಲೆಗೊಂಡ ಮೇಲೆ ಹೆಚ್ಚಿಸುವುದು ಕಷ್ಟವಲ್ಲ. ಎರಡು ಮೂರು ಗೆಣ್ಣುಗಳಿರುವ ಕಾಂಡವನ್ನು ಕೊಯ್ದು, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಒದ್ದೆ ಪಾಚಿಯಲ್ಲಿ ನೆಟ್ಟು ನೆರಳಿನಲ್ಲಿ ಮುಚ್ಚಿಟ್ಟರೆ ಎರಡು ಮೂರು ತಿಂಗಳಲ್ಲಿ ಬೇರು ಬಿಡುವುದು. ಬೀಜದ ಮಾತು ಬೇರೆ. ಹೂಜಿ ಗಿಡದಲ್ಲಿ ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದು ಗಿಡದಲ್ಲಿ. ಎರಡೂ ಒಂದೇ ಕಾಲಕ್ಕೆ ಅರಳಬೇಕು. ಕೊಳ್ಳುವಾಗ ಬರಿಯ ಎಲೆಯನ್ನು ನೋಡಿ ಯಾವುದು ಗಂಡು, ಯಾವುದು ಹೆಣ್ಣು ಎಂದು ಹೇಳುವಂತಿಲ್ಲ. ಹೂ ಬಿಡುವ ತನಕ ಕಾಯಬೇಕು.