ಸ್ಪೀಕರಿಗೆ ಬಲ ಎಲ್ಲಿಂದ ಬಂತು?

ಮಕ್ಕಳೇ, ಯಕ್ಷಗಾನದಲ್ಲಿ ಚೆಂಡೆಗೆ ಮೈಕ್ ಇಲ್ಲದಿದ್ದರೂ ನಡೆದೀತು. ಭಾಗವತರ ಪದ ಹಿಂದಿನ ಸಾಲಿಗೂ ಕೇಳಬೇಕಾದರೆ ಮೈಕ್, ಸ್ಪೀಕರ್ ಬೇಕೇ ಬೇಕು, ಅಲ್ವಾ? ಅವೆರಡರ ನಡುವೆ ಕೆಲಸ ಮಾಡುವುದು ಆಂಪ್ಲಿಫೈಯರ್. ಫೋನಿನ ಹಾಡಿಗಾಗಿ ಅಂಥದೊಂದನ್ನು ನಾವೇ ಮಾಡೋಣ.

ಬೇಕಾದ ವಸ್ತುಗಳು: ಎಲ್‌ಎಂ 386 ಐಸಿ, ಬ್ರೆಡ್‌ಬೋರ್ಡ್, 10 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್, 8 ಓಮ್ ಸ್ಪೀಕರ್, 10 ಓಮ್ ರೆಸಿಸ್ಟರ್, 220, 100, 10 ಹಾಗೂ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳು, 1.5 ವೋಲ್ಟಿನ 6 ಸೆಲ್, ಹಳೆಯ ಇಯರ್‌ಫೋನಿನ ವಯರು.

ಜೋಡಣೆ: ಐಸಿಯ ಕಚ್ಚು ಮೇಲೆ ಬರುವಂತೆ ಹಿಡಿಯಿರಿ. ಎಡಗಡೆ ಮೇಲಿನಿಂದ ಕೆಳಕ್ಕೆ 1ರಿಂದ 4, ಬಲಗಡೆ ಕೆಳಗಿನಿಂದ ಮೇಲಕ್ಕೆ 5ರಿಂದ 8ನೆಯ ಕಾಲುಗಳು.

1. 2 ಮತ್ತು 4ನೆಯ ಕಾಲುಗಳನ್ನು ಬ್ಯಾಟರಿಯ ಋಣ ತುದಿಗೆ ಸೇರಿಸಿ. ಇದು ನಮ್ಮ ಗ್ರೌಂಡ್. 6ನೆಯದನ್ನು ಧನ ತುದಿಗೆ ಸೇರಿಸಿ. 4 ಮತ್ತು 6ರ ನಡುವೆ 100 ಮೈಕ್ರೋಫ್ಯಾರಡ್ ಇಡಿ. ಅದರ ಧನ ಕಾಲು 6ರ ಕಡೆಗಿರಲಿ.
2. ವಾಲ್ಯೂಮ್ ಕಂಟ್ರೋಲಿನ ಒಂದು ತುದಿ ಫೋನಿನ ಎಡ ಚಾನೆಲಿಗೆ, ಇನ್ನೊಂದು ಗ್ರೌಂಡಿಗೆ, ನಡುವಿನದು 3ನೆಯ ಕಾಲಿಗೆ. ಫೋನಿನ ಗ್ರೌಂಡ್ ವಯರೂ ಗ್ರೌಂಡಿಗೇ.
3. 5ನೆಯ ಕಾಲಿಗೆ 220 ಮೈಕ್ರೋಫ್ಯಾರಡಿನ ಧನ ಕಾಲು. ಅದರ ಋಣ ಕಾಲಿನಿಂದ ಸ್ಪೀಕರಿಗೆ. ಸ್ಪೀಕರಿನ ಇನ್ನೊಂದು ತುದಿ ಗ್ರೌಂಡಿಗೆ.
4. 5ರಿಂದ ಗ್ರೌಂಡಿಗೆ 0.047 ಮೈಕ್ರೋಫ್ಯಾರಡ್ ಮತ್ತು 10 ಓಮ್ ಒಂದರ ಹಿಂದೊಂದು. ಕಿರುಚಾಟ ತಡೆಯಲು ಇದು ಬೇಕು.

1, 7, 8 ಖಾಲಿ ಇರಲಿ. ಆಗ ವೋಲ್ಟೇಜು 20 ಪಟ್ಟು ಹೆಚ್ಚುತ್ತದೆ.

ಲೆಕ್ಕ ನೋಡಿ: ಫೋನಿನಿಂದ 0.1 ವೋಲ್ಟ್ ಬಂತೆನ್ನಿ. 10,000 ಓಮಿನಲ್ಲಿ ಅದರ ಶಕ್ತಿ 0.1 × 0.1 ÷ 10,000, ಅಂದರೆ ಒಂದು ವಾಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸ್ಪೀಕರಿನಲ್ಲಿ 2 ವೋಲ್ಟ್; ಶಕ್ತಿ 2 × 2 ÷ 8 = 0.5 ವಾಟ್. ಐದು ಲಕ್ಷ ಪಟ್ಟು! ಐಸಿ ಇದನ್ನು ಹುಟ್ಟಿಸಿತೇ? ಇಲ್ಲ. ನಳ್ಳಿ ತಿರುಗಿಸಲು ಎರಡು ಬೆರಳು ಸಾಕು, ನೀರನ್ನು ನೂಕುವುದು ಮೇಲಿನ ಟ್ಯಾಂಕಿ. ಇಲ್ಲಿ ಫೋನು ಬೆರಳು, ಐಸಿ ನಳ್ಳಿ, ಬ್ಯಾಟರಿ ಟ್ಯಾಂಕಿ. ಬ್ಯಾಟರಿ ಕೊಟ್ಟದ್ದರಲ್ಲಿ ಒಂದು ಪಾಲು ಐಸಿಯಲ್ಲೇ ಬಿಸಿಯಾಗಿ ಹೋಗುತ್ತದೆ.

220 ಯಾಕೆ? ಹಾಡು ನಿಲ್ಲಿಸಿ, 5ನೆಯ ಕಾಲಿನ ವೋಲ್ಟೇಜು ಅಳೆಯಿರಿ. ಸುಮಾರು 4.5 ಇದೆ, ಬ್ಯಾಟರಿಯ ಅರ್ಧ! ಸ್ವರದ ಅಲೆ ಮೇಲಕ್ಕೂ ಕೆಳಕ್ಕೂ ಹೋಗಬೇಕಲ್ಲ, ಅದಕ್ಕೇ ನಡುವಿನಲ್ಲಿ ನಿಂತಿದೆ. ಸ್ಪೀಕರನ್ನು ನೇರ ಜೋಡಿಸಿದರೆ ಹಾಡಿಲ್ಲದಾಗಲೂ ಕರೆಂಟು ಹರಿದು ಕಾಯಿಲೂ ಐಸಿಯೂ ಬಿಸಿಯಾಗಿ ಕೆಟ್ಟಾವು. ಕೆಪಾಸಿಟರ್ ಈ ನಿಂತ ವೋಲ್ಟೇಜನ್ನು ತಡೆದು ಅಲೆಯನ್ನು ಮಾತ್ರ ಬಿಡುತ್ತದೆ.

ಈಗ ಬ್ಯಾಟರಿ ಕಳಚಿ, 220ರ ಜಾಗಕ್ಕೆ 10 ಮೈಕ್ರೋಫ್ಯಾರಡ್ ಹಾಕಿ, ಮತ್ತೆ ಕೇಳಿ. ಮದ್ದಳೆಯ ತಗ್ಗಿನ ನಾದ ಎಲ್ಲಿ ಹೋಯಿತು? ಕಾರಣ ಯೋಚಿಸಿ ಪುಸ್ತಕದಲ್ಲಿ ಬರೆಯಿರಿ.

ಎಚ್ಚರ: ಈ ಪ್ರಯೋಗ ಸೆಲ್ಲಿನಲ್ಲಿ ಮಾತ್ರ. 230 ವೋಲ್ಟಿನ ಮನೆಯ ಕರೆಂಟಿನ ಆಂಪ್ಲಿಫೈಯರನ್ನು ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಚಾರ್ಜು ಉಳಿದಿರಬಹುದು.