ಅಣ್ವಸ್ತ್ರ ತಡೆಗೆ ಸಂಧಾನ: ಮೂರು ಒಪ್ಪಂದಗಳ ಪಾಠ

ಹಗೆತನ ಸಾಧಿಸುವ ರಾಷ್ಟ್ರವೊಂದು ಅಣ್ವಸ್ತ್ರ ತಯಾರಿಕೆಗೆ ಕೈಹಾಕಿದಾಗ ಅದನ್ನು ಮಾತುಕತೆಯಿಂದ ತಡೆಯಲು ಸಾಧ್ಯವೇ ಎಂಬ ಪ್ರಶ್ನೆ ವಿದೇಶಾಂಗ ಸಚಿವಾಲಯಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಇಂತಹ ಸಂಧಾನಗಳಲ್ಲಿ ಒತ್ತಡ ತರಲು ಬಳಸುವ ಸಾಧನವೂ, ಪ್ರತಿಫಲವಾಗಿ ಕೊಡುವ ವಸ್ತುವೂ ಬಹುಮಟ್ಟಿಗೆ ವ್ಯಾಪಾರವೇ ಆಗಿರುತ್ತದೆ. ಇರಾನಿನ ಕಚ್ಚಾ ತೈಲವನ್ನು ಅನೇಕ ವರ್ಷ ತರಿಸಿಕೊಂಡ ಮಂಗಳೂರಿನ ತೈಲ ಶುದ್ಧೀಕರಣಾಗಾರಕ್ಕೂ, ಆ ದೇಶಕ್ಕೆ ಬಾಸ್ಮತಿ ಅಕ್ಕಿ ಕಳುಹಿಸಿದ ಉತ್ತರ ಭಾರತದ ರಫ್ತುದಾರರಿಗೂ ಇದರ ಪರಿಣಾಮ ನೇರವಾಗಿಯೇ ತಟ್ಟಿದೆ.

ಅಣ್ವಸ್ತ್ರ ಕುರಿತ ಒಪ್ಪಂದವನ್ನೂ ಒಂದು ವ್ಯಾಪಾರ ಕರಾರಿನಂತೆ ಪರಿಶೀಲಿಸಬಹುದು. ಒಪ್ಪಿಕೊಂಡ ಸರಕು ನಿಜವಾಗಿ ಸಂದಿದೆಯೇ ಎಂದು ನೋಡುವ ತಪಾಸಣೆ ಇರಬೇಕು. ಅದರ ಬೆಲೆ ಕಾಲಕ್ಕೆ ಸರಿಯಾಗಿ ಪಾವತಿಯಾಗಬೇಕು. ಸಹಿ ಮಾಡಿದವರು ಅಧಿಕಾರದಿಂದ ಇಳಿದ ಮೇಲೆಯೂ ಕರಾರು ಬಾಳಬೇಕು. ಕಳೆದ ಮೂರು ದಶಕಗಳ ಮೂರು ಉದಾಹರಣೆಗಳನ್ನು ಈ ಮೂರು ಅಂಶಗಳಿಂದ ಅಳೆದು ನೋಡುವುದು ಉಪಯುಕ್ತ.

ಉತ್ತರ ಕೊರಿಯಾ: ತಡವಾದ ಪಾವತಿ

1994ರ ಅಕ್ಟೋಬರ್ 21ರಂದು ಜಿನೀವಾದಲ್ಲಿ ಅಮೆರಿಕ ಮತ್ತು ಉತ್ತರ ಕೊರಿಯಾ ಒಂದು ಒಡಂಬಡಿಕೆಗೆ ಬಂದವು. ಯೋಂಗ್‌ಬ್ಯೋನ್‌ನಲ್ಲಿದ್ದ ಪರಮಾಣು ಸ್ಥಾವರವನ್ನು ಉತ್ತರ ಕೊರಿಯಾ ನಿಲ್ಲಿಸಬೇಕು; ಅದಕ್ಕೆ ಬದಲಾಗಿ ಆ ದೇಶಕ್ಕೆ ವರ್ಷಕ್ಕೆ 5 ಲಕ್ಷ ಟನ್ ಇಂಧನ ತೈಲವನ್ನೂ, 2003ರ ವೇಳೆಗೆ ಎರಡು ಹಗುರ ನೀರಿನ ರಿಯಾಕ್ಟರುಗಳನ್ನೂ ಒದಗಿಸಬೇಕು ಎಂಬುದು ಅದರ ಸಾರ. ತಪಾಸಣೆಯ ಮಟ್ಟಿಗೆ ಇದು ಫಲ ನೀಡಿತು. ಸುಮಾರು 8,000 ಬಳಸಿದ ಇಂಧನ ಸರಳುಗಳು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಕಣ್ಗಾವಲಿನಲ್ಲಿ ಉಳಿದವು. ಎಂಟು ವರ್ಷ ಕಾಲ ಯೋಂಗ್‌ಬ್ಯೋನ್‌ನಲ್ಲಿ ಹೊಸ ಪ್ಲುಟೋನಿಯಂ ಉತ್ಪಾದನೆಯಾಗಲಿಲ್ಲ.

ಆದರೆ ರಿಯಾಕ್ಟರಿನ ಅಡಿಪಾಯಕ್ಕೆ ಕಾಂಕ್ರೀಟ್ ಬಿದ್ದದ್ದು 2002ರ ಆಗಸ್ಟ್‌ನಲ್ಲಿ. ಅದೇ ವರ್ಷ ಉತ್ತರ ಕೊರಿಯಾ ಯುರೇನಿಯಂ ಮಾರ್ಗದಲ್ಲಿ ಗುಟ್ಟಾಗಿ ಮುಂದುವರಿದಿದೆಯೆಂದು ಅಮೆರಿಕ ಆರೋಪಿಸಿತು, ತೈಲ ಪೂರೈಕೆ ನಿಂತಿತು, ತಪಾಸಕರು ಹೊರದೂಡಲ್ಪಟ್ಟರು. 2003ರ ಜನವರಿಯಲ್ಲಿ ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹಿಂದೆ ಸರಿಯುವುದಾಗಿ ಘೋಷಿಸಿತು. 2006ರ ಅಕ್ಟೋಬರ್ 9ರಂದು ಮೊದಲ ಪರೀಕ್ಷೆ ನಡೆಸಿತು. 2017ರ ವೇಳೆಗೆ ಪರೀಕ್ಷೆಗಳ ಸಂಖ್ಯೆ ಆರಕ್ಕೆ ಏರಿತು. ಒಂದು ಪಕ್ಷ ಸರಕಿನಲ್ಲಿ ಮರೆಮಾಚಿತು, ಇನ್ನೊಂದು ಪಕ್ಷ ಪಾವತಿಯಲ್ಲಿ ತಡಮಾಡಿತು; ಕರಾರು ಮುರಿದುಬಿತ್ತು.

ಲಿಬಿಯಾ: ಯಶಸ್ಸು ಮತ್ತು ಅದರ ನೆರಳು

ಸಂಧಾನದಿಂದ ಅಣ್ವಸ್ತ್ರ ಯೋಜನೆ ಪೂರ್ಣವಾಗಿ ಕೊನೆಗೊಂಡ ಉದಾಹರಣೆ ಲಿಬಿಯಾ. ಬ್ರಿಟನ್ ಮತ್ತು ಅಮೆರಿಕದೊಡನೆ ಅನೇಕ ತಿಂಗಳು ರಹಸ್ಯ ಮಾತುಕತೆ ನಡೆಸಿದ ಬಳಿಕ, 2003ರ ಡಿಸೆಂಬರ್ 19ರಂದು ಅದು ತನ್ನ ಯೋಜನೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಮುಂದಿನ ತಿಂಗಳೇ ಮುಖ್ಯ ಉಪಕರಣಗಳನ್ನು ವಿಮಾನದಲ್ಲಿ ಅಮೆರಿಕಕ್ಕೆ ಸಾಗಿಸಲಾಯಿತು. ನಿರ್ಬಂಧಗಳು ಹಂತಹಂತವಾಗಿ ತೆರವಾದವು.

ಈ ಪ್ರಕರಣದಲ್ಲಿ ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಸಂಗತಿಯೊಂದಿದೆ. 2003ರ ಅಕ್ಟೋಬರ್‌ನಲ್ಲಿ ಲಿಬಿಯಾದತ್ತ ಹೊರಟಿದ್ದ ಹಡಗೊಂದನ್ನು ಇಟಲಿಯ ಬಂದರಿಗೆ ತಿರುಗಿಸಿ ತಪಾಸಣೆ ಮಾಡಿದಾಗ ಸೆಂಟ್ರಿಫ್ಯೂಜ್ ಯಂತ್ರಗಳ ಬಿಡಿಭಾಗಗಳು ದೊರೆತವು. ಅವು ಮಲೇಷ್ಯಾದ ಒಂದು ಇಂಜಿನಿಯರಿಂಗ್ ಕಾರ್ಖಾನೆಯಲ್ಲಿ ತಯಾರಾಗಿದ್ದವು. ಅವುಗಳ ಅಂತಿಮ ಉಪಯೋಗ ತಮಗೆ ತಿಳಿದಿರಲಿಲ್ಲವೆಂದು ಕಾರ್ಖಾನೆಯವರು ಹೇಳಿದರು. ಪಾಕಿಸ್ತಾನದ ವಿಜ್ಞಾನಿ ಎ. ಕ್ಯೂ. ಖಾನ್ ನಡೆಸುತ್ತಿದ್ದ ಪೂರೈಕೆ ಜಾಲ ಬಯಲಾಗುವುದಕ್ಕೆ ಈ ಸರಕು ನೆರವಾಯಿತು.

ಆದರೆ 2011ರಲ್ಲಿ ನ್ಯಾಟೋ ಪಡೆಗಳು ಲಿಬಿಯಾದ ಆಂತರಿಕ ಯುದ್ಧದಲ್ಲಿ ಮಧ್ಯಪ್ರವೇಶಿಸಿದವು. ಅದೇ ಅಕ್ಟೋಬರ್‌ನಲ್ಲಿ ಗಡಾಫಿ ಹತನಾದ. ಅಸ್ತ್ರವನ್ನು ಬಿಟ್ಟುಕೊಟ್ಟವನ ಗತಿ ಇದೇ ಎಂಬ ಅರ್ಥವನ್ನು ಉತ್ತರ ಕೊರಿಯಾ ಬಹಿರಂಗವಾಗಿಯೇ ತೆಗೆಯಿತು. ಒಂದು ಕರಾರಿನ ಅಂತ್ಯ ಮುಂದಿನ ಕರಾರುಗಳ ಬೆಲೆಯನ್ನು ಏರಿಸುತ್ತದೆ.

ಇರಾನ್: ಬಾಳಿಕೆಯ ಪ್ರಶ್ನೆ

ನಿಸರ್ಗದಲ್ಲಿ ದೊರೆಯುವ ಯುರೇನಿಯಂನಲ್ಲಿ ಉಪಯೋಗಕ್ಕೆ ಬರುವ ಭಾಗ ಕೇವಲ ಶೇ. 0.7ರಷ್ಟು. ಸಾಮಾನ್ಯ ವಿದ್ಯುತ್ ಸ್ಥಾವರಕ್ಕೆ ಇದನ್ನು ಶೇ. 3ರಿಂದ 5ಕ್ಕೂ, ಬಾಂಬಿಗೆ ಸುಮಾರು ಶೇ. 90ಕ್ಕೂ ಏರಿಸಬೇಕು. ಈ ಕಾರ್ಯದಲ್ಲಿ ಶ್ರಮದ ಬಹುಪಾಲು ಆರಂಭದ ಹಂತಗಳಲ್ಲೇ ಮುಗಿದುಹೋಗುತ್ತದೆ. ಆದುದರಿಂದ ಶೇ. 60ರ ಮಟ್ಟದ ದಾಸ್ತಾನು ಇರುವವರಿಗೆ ಶೇ. 90 ದೂರವಲ್ಲ.

2015ರ ಜುಲೈ 14ರಂದು ವಿಯೆನ್ನಾದಲ್ಲಿ ಇರಾನ್ ಮತ್ತು ಆರು ರಾಷ್ಟ್ರಗಳ ನಡುವೆ ಆದ ಒಪ್ಪಂದ ಈ ಲೆಕ್ಕವನ್ನೇ ಆಧರಿಸಿತ್ತು. ಸಂವರ್ಧನೆ ಶೇ. 3.67ನ್ನು ಮೀರಬಾರದು, ದಾಸ್ತಾನು 300 ಕಿಲೋಗ್ರಾಂ ದಾಟಬಾರದು ಎಂದು ಗೊತ್ತುಪಡಿಸಲಾಯಿತು. ಸುಮಾರು 11 ಟನ್ ಸಂವರ್ಧಿತ ಯುರೇನಿಯಂ ರಷ್ಯಾಕ್ಕೆ ಹೋಯಿತು. 2016ರ ಜನವರಿಯಲ್ಲಿ ನಿರ್ಬಂಧಗಳು ಸಡಿಲಗೊಂಡವು. ಇರಾನ್ ಮಿತಿಗಳನ್ನು ಪಾಲಿಸುತ್ತಿದೆಯೆಂದು ಅಂತರರಾಷ್ಟ್ರೀಯ ಸಂಸ್ಥೆ ಮತ್ತೆ ಮತ್ತೆ ವರದಿ ಮಾಡಿತು. ಮಿತಿಗಳಲ್ಲಿ ಕೆಲವು ಹತ್ತು-ಹದಿನೈದು ವರ್ಷಗಳಿಗೆ ಮುಗಿಯುತ್ತವೆ, ಕ್ಷಿಪಣಿಗಳ ವಿಷಯ ಒಪ್ಪಂದದಲ್ಲಿಲ್ಲ ಎಂಬ ಟೀಕೆ ಆಗಲೇ ಇತ್ತು. ಆ ಟೀಕೆಯಲ್ಲಿ ಹುರುಳೂ ಇತ್ತು.

2018ರ ಮೇ 8ರಂದು ಅಮೆರಿಕ ಒಪ್ಪಂದದಿಂದ ಹೊರಬಂದಿತು. ಒಂದು ವರ್ಷ ಕಾದ ಇರಾನ್ 2019ರ ಜುಲೈನಲ್ಲಿ ದಾಸ್ತಾನಿನ ಮಿತಿಯನ್ನು ಮೀರಿತು. 2021ರ ಏಪ್ರಿಲ್‌ನಲ್ಲಿ ಶೇ. 60ರ ಸಂವರ್ಧನೆ ಆರಂಭಿಸಿತು. 2025ರ ಮೇ ತಿಂಗಳಿಗೆ ಈ ಮಟ್ಟದ ದಾಸ್ತಾನು 400 ಕಿಲೋಗ್ರಾಂಗೂ ಮೀರಿತ್ತು. 2025ರ ಜೂನ್‌ನಲ್ಲಿ ಇಸ್ರೇಲ್, ಬಳಿಕ ಅಮೆರಿಕ ಇರಾನಿನ ಸ್ಥಾವರಗಳ ಮೇಲೆ ದಾಳಿ ನಡೆಸಿದವು. ಕಟ್ಟಡಗಳಿಗೂ ಯಂತ್ರಗಳಿಗೂ ಭಾರಿ ಹಾನಿಯಾಯಿತು. ಆದರೆ ಜುಲೈನಲ್ಲಿ ಇರಾನ್ ತಪಾಸಕರೊಡನೆ ಸಹಕಾರವನ್ನು ಸ್ಥಗಿತಗೊಳಿಸಿತು. ಆ ವರ್ಷದ ನವೆಂಬರ್‌ನ ವರದಿಯಲ್ಲಿಯೂ ಶೇ. 60ರ ದಾಸ್ತಾನನ್ನು ಪರಿಶೀಲಿಸಲಾಗಿಲ್ಲವೆಂದು ಸಂಸ್ಥೆ ತಿಳಿಸಿತು. ಬಾಂಬು ಕಾರ್ಖಾನೆಯನ್ನು ಕೆಡವಬಲ್ಲದು. ಉಗ್ರಾಣದ ಲೆಕ್ಕ ಕೊಡಲಾರದು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳೂ ಮರಳಿ ಜಾರಿಗೆ ಬಂದವು.

ವ್ಯಾಪಾರಿಗಳಿಗೆ ಸಂಬಂಧಿಸಿದ ಅಂಶಗಳು

ಮೊದಲನೆಯದು ಪಾವತಿ. 2012ರಿಂದ ಇರಾನಿನ ತೈಲದ ಬೆಲೆಯ ಒಂದು ಭಾಗವನ್ನು ಯೂಕೋ ಬ್ಯಾಂಕಿನ ಖಾತೆಗೆ ರೂಪಾಯಿಗಳಲ್ಲಿ ಜಮಾ ಮಾಡುವ ವ್ಯವಸ್ಥೆ ನಡೆದುಬಂದಿತ್ತು. ಆ ಹಣದಿಂದಲೇ ಇರಾನ್ ಭಾರತದ ಅಕ್ಕಿ, ಚಹಾ, ಔಷಧಿಗಳಿಗೆ ಬೆಲೆ ತೆರುತ್ತಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದು ಭಾರತದ ತೈಲ ಖರೀದಿ ನಿಂತೊಡನೆ ಈ ಖಾತೆಗೆ ಹೊಸ ಹಣ ಬರುವುದೂ ನಿಂತಿತು. ಅಕ್ಕಿಯ ಮೇಲೆ ನಿರ್ಬಂಧವಿರಲಿಲ್ಲ. ಆದರೂ ಅಕ್ಕಿ ಮಾರಿದವರಿಗೆ ಹಣ ಬರುವುದು ಕಷ್ಟವಾಯಿತು. ಸರಕಿಗೆ ಅನುಮತಿ ಇದೆಯೇ ಎಂದು ಕೇಳುವ ರಫ್ತುದಾರರು ಹಣ ಬರುವ ದಾರಿ ಯಾವುದನ್ನು ಅವಲಂಬಿಸಿದೆ ಎಂದೂ ವಿಚಾರಿಸುವುದು ಅಗತ್ಯ.

ಎರಡನೆಯದು ಅಂತಿಮ ಉಪಯೋಗ. ಖಾನ್ ಜಾಲ ಬಯಲಾದ ತರುವಾಯ, 2004ರಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯವನ್ನು ಅಂಗೀಕರಿಸಿತು. ಭಾರತ 2005ರಲ್ಲಿ ಸಮೂಹ ವಿನಾಶಕ ಅಸ್ತ್ರಗಳಿಗೆ ಸಂಬಂಧಿಸಿದ ಕಾಯಿದೆಯನ್ನು ಜಾರಿಗೆ ತಂದಿತು. ಸ್ಕೊಮೆಟ್ ಪಟ್ಟಿಯಲ್ಲಿರುವ ವಸ್ತು, ಯಂತ್ರ ಹಾಗೂ ತಂತ್ರಜ್ಞಾನದ ರಫ್ತಿಗೆ ಸರ್ಕಾರದ ಪರವಾನಗಿ ಬೇಕು. ಪಟ್ಟಿಯ ಬಹುಪಾಲಿಗೆ ಅದನ್ನು ನೀಡುವುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಇಂತಹ ಅಸ್ತ್ರಕ್ಕೆ ಬಳಕೆಯಾಗುವುದೆಂದು ತಿಳಿದೂ ಸರಕು ಕಳುಹಿಸಿದರೆ, ಅದು ಪಟ್ಟಿಯಲ್ಲಿರಲಿ ಇಲ್ಲದಿರಲಿ, ಅಪರಾಧವೇ. ಪೀಣ್ಯ ಅಥವಾ ಬೆಳಗಾವಿಯ ಕಾರ್ಖಾನೆಯೊಂದಕ್ಕೆ ಅಪರಿಚಿತ ಮಧ್ಯವರ್ತಿಯಿಂದ ಅತಿ ಸೂಕ್ಷ್ಮ ಅಳತೆಯ ಬಿಡಿಭಾಗಗಳ ಬೇಡಿಕೆ ಬಂದಾಗ, ನಿಜವಾದ ಬಳಕೆದಾರ ಯಾರೆಂದು ಬರಹದಲ್ಲಿ ಪಡೆಯುವುದು ಆ ಕಾರ್ಖಾನೆಗೇ ರಕ್ಷಣೆ.

ಉಪಸಂಹಾರ

ಸಂಧಾನ ಅಣ್ವಸ್ತ್ರವನ್ನು ತಡೆಯಬಲ್ಲದೆಂಬುದಕ್ಕೆ ಲಿಬಿಯಾ ಸಾಕ್ಷಿ. ವರ್ಷಗಳ ಮಟ್ಟಿಗಾದರೂ ತಡೆದುನಿಲ್ಲಿಸಬಲ್ಲದೆಂಬುದಕ್ಕೆ ಉತ್ತರ ಕೊರಿಯಾ ಮತ್ತು ಇರಾನ್ ಸಾಕ್ಷಿ. ಯೋಂಗ್‌ಬ್ಯೋನ್‌ನಲ್ಲಾಗಲಿ ನತಾಂಜ್‌ನಲ್ಲಾಗಲಿ ತಪಾಸಕರು ಇದ್ದಷ್ಟು ಕಾಲ ಲೆಕ್ಕ ಸಿಕ್ಕಿತು. ಅವರು ಹೊರಬಿದ್ದ ಮೇಲೆ ಊಹೆಯೊಂದೇ ಉಳಿಯಿತು. ಈ ಎರಡೂ ಒಪ್ಪಂದಗಳು ಕುಸಿದದ್ದು ಪಾವತಿಯ ವಿಳಂಬದಿಂದ, ಮರೆಮಾಚುವಿಕೆಯಿಂದ, ಸರ್ಕಾರ ಬದಲಾದೊಡನೆ ಮಾತು ಬದಲಾದುದರಿಂದ. ಕೊಟ್ಟ ಮಾತಿಗೆ ಮಾರುಕಟ್ಟೆಯಲ್ಲಿ ಇರುವ ಬೆಲೆಯೇ ರಾಷ್ಟ್ರಗಳ ನಡುವೆಯೂ ಇದೆ. ಒಮ್ಮೆ ಕಳೆದುಕೊಂಡ ನಂಬಿಕೆಯನ್ನು ಮರಳಿ ಗಳಿಸಲು ಮೊದಲಿಗಿಂತ ಹೆಚ್ಚು ತೆರಬೇಕಾಗುತ್ತದೆ.